ಗಾಳಿಮರಳಿನ ಚಲನಾ ಮಾದರಿ: ಹಗರಿ ಬಯಲಿನ ಉದಾಹರಣೆಯೊಂದಿಗೆ

ಗಾಳಿಮರಳಿನ ಚಲನಾ ಮಾದರಿ ಎಂದರೆ ಬೀಸುವ ಗಾಳಿ ನೆಲದ ಮೇಲಿನ ಸಡಿಲ ಮರಳನ್ನು ಯಾವ ವೇಗದಲ್ಲಿ ಕದಲಿಸುತ್ತದೆ, ಎಷ್ಟು ಎತ್ತರಕ್ಕೆ ಎತ್ತುತ್ತದೆ, ಯಾವ ದಿಕ್ಕಿಗೆ ಎಷ್ಟು ಪ್ರಮಾಣದಲ್ಲಿ ಸಾಗಿಸುತ್ತದೆ ಮತ್ತು ಎಲ್ಲಿ ಇಳಿಸುತ್ತದೆ ಎಂಬುದನ್ನು ಭೌತಶಾಸ್ತ್ರದ ನಿಯಮಗಳ ಆಧಾರದಿಂದ ಲೆಕ್ಕ ಹಾಕುವ ಗಣಿತೀಯ ನಿರೂಪಣೆ. ಮರಳು ದಿಣ್ಣೆಗಳ ಹುಟ್ಟು ಮತ್ತು ಚಲನೆ, ಹೊಲಗಳ ಮೇಲ್ಮಣ್ಣಿನ ಸವೆತ, ಧೂಳಿನ ಉತ್ಪತ್ತಿ, ರಸ್ತೆ ಮತ್ತು ಕಾಲುವೆಗಳಲ್ಲಿ ಮರಳು ತುಂಬುವುದು ಈ ಮಾದರಿಗಳ ವ್ಯಾಪ್ತಿಗೆ ಬರುತ್ತವೆ. ದಕ್ಷಿಣ ಭಾರತದ ಒಳನಾಡಿನಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ, ರಾಯದುರ್ಗ, ಕಣೇಕಲ್ ಮತ್ತು ಬೊಮ್ಮನಹಾಳ್ ಸೀಮೆ. ಕರ್ನಾಟಕದ ಗಡಿಗೆ ಹೊಂದಿಕೊಂಡ ಈ ಸೀಮೆಯಲ್ಲಿ ವೇದಾವತಿ ಅಥವಾ ಹಗರಿ ನದಿಯ ಒಣಪಾತ್ರದ ಮರಳನ್ನು ಮುಂಗಾರಿನ ಗಾಳಿ ದಡಕ್ಕೆ ಸಾಗಿಸಿ ದಿಣ್ಣೆಗಳನ್ನು ಕಟ್ಟಿದೆ.

ಪರಿಭಾಷೆ

ಈ ಲೇಖನದಲ್ಲಿ ‘ಮರಳು’ ಎಂದರೆ ಸುಮಾರು 0.06 ಮಿ.ಮೀ.ನಿಂದ 2 ಮಿ.ಮೀ. ವ್ಯಾಸದ ಖನಿಜ ಕಣ. ಅದಕ್ಕಿಂತ ಸಣ್ಣದು ‘ಧೂಳು’. ಗಾಳಿ ನೆಲವನ್ನು ಉಜ್ಜುವ ಬಲವನ್ನು ವೇಗದ ಏಕಮಾನದಲ್ಲಿ ಹೇಳುವ ಪರಿಮಾಣ ‘ಘರ್ಷಣ ವೇಗ’. ಕಣ ಕದಲಲು ಬೇಕಾದ ಕನಿಷ್ಠ ಘರ್ಷಣ ವೇಗ ‘ಹೊಸ್ತಿಲು ವೇಗ’. ಗಾಳಿಯ ದಿಕ್ಕಿಗೆ ಅಡ್ಡವಾಗಿ ಎಳೆದ ಒಂದು ಮೀಟರ್ ಗೆರೆಯನ್ನು ಒಂದು ಸೆಕೆಂಡಿನಲ್ಲಿ ದಾಟುವ ಮರಳಿನ ರಾಶಿ ‘ಮರಳು ಹರಿವು’. ಗಾಳಿ ಬೀಸುವಾಗ ಕಟ್ಟಿಕೊಳ್ಳುವ ಮರಳಿನ ದಿಬ್ಬ ‘ದಿಣ್ಣೆ’. ಅದರ ಮೈಮೇಲೆ ಕೆಲವು ಸೆಂ.ಮೀ. ಅಂತರದಲ್ಲಿ ಮೂಡುವ ಸಣ್ಣ ಏರಿಳಿತ ‘ಅಲೆಗೆರೆ’.

ಹುಟ್ಟು ಮತ್ತು ಬೆಳವಣಿಗೆ

ಈ ಶಾಸ್ತ್ರಕ್ಕೆ ಬುನಾದಿ ಹಾಕಿದವನು ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್. 1920 ಮತ್ತು 1930ರ ದಶಕಗಳಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಗಳಲ್ಲಿ ಮೋಟಾರು ವಾಹನಗಳಲ್ಲಿ ಸಂಚರಿಸಿದ ಅವನು ಲಂಡನ್ನಿಗೆ ಮರಳಿ ಗಾಳಿಸುರಂಗದಲ್ಲಿ ಮರಳಿನ ಪ್ರಯೋಗಗಳನ್ನು ನಡೆಸಿದ. ಅವುಗಳ ಫಲವನ್ನು 1941ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ಮರಳು ಹರಿವು ಘರ್ಷಣ ವೇಗದ ಘನಕ್ಕೆ ಅನುಪಾತವಾಗಿ ಏರುತ್ತದೆ ಎಂಬ ಅವನ ಸೂತ್ರ ಇಂದಿಗೂ ಎಲ್ಲ ಮಾದರಿಗಳ ಆರಂಭಬಿಂದು.

ಇದೇ ಕಾಲದಲ್ಲಿ, 1930ರ ದಶಕದಲ್ಲಿ, ಅಮೆರಿಕದ ಮಧ್ಯ ಬಯಲು ಪ್ರದೇಶ ಭೀಕರ ಧೂಳುಬಿರುಗಾಳಿಗಳಿಗೆ ತುತ್ತಾಯಿತು. ಹೊಲದ ಮಣ್ಣು ಗಾಳಿಗೆ ಹೇಗೆ ಸವೆಯುತ್ತದೆ ಎಂಬ ಅಧ್ಯಯನವನ್ನು ವಿಲಿಯಂ ಚೆಪಿಲ್ ಮೊದಲು ಕೆನಡಾದಲ್ಲಿ, ಬಳಿಕ ಅಮೆರಿಕದ ಕಾನ್ಸಾಸ್‌ನಲ್ಲಿ ಮುಂದುವರಿಸಿದ. ಆ ಪರಂಪರೆಯಿಂದ 1965ರಲ್ಲಿ ವುಡ್ರಫ್ ಮತ್ತು ಸಿಡೊವೆ ಅವರ ಗಾಳಿಸವೆತ ಸಮೀಕರಣ ಹೊರಬಂದಿತು. ಮಣ್ಣಿನ ಸವೆಯುವ ಗುಣ, ಮೇಲ್ಮೈ ಒರಟುತನ, ಹವಾಗುಣ, ಹೊಲದ ಉದ್ದ ಮತ್ತು ಸಸ್ಯಹೊದಿಕೆ ಎಂಬ ಐದು ಅಂಶಗಳಿಂದ ವರ್ಷದ ಮಣ್ಣುನಷ್ಟವನ್ನು ಅದು ಅಂದಾಜಿಸುತ್ತದೆ.

1951ರಲ್ಲಿ ಜಪಾನಿನ ಕವಾಮುರಾ ಹೊಸ್ತಿಲು ವೇಗವನ್ನು ಹರಿವಿನ ಸೂತ್ರದೊಳಗೇ ಸೇರಿಸಿದ. 1964ರಲ್ಲಿ ಓವೆನ್, ನೆಗೆಯುವ ಮರಳಿನ ಪದರ ಗಾಳಿಯ ಪಾಲಿಗೆ ಒರಟು ನೆಲದಂತೆ ವರ್ತಿಸುತ್ತದೆ ಎಂದು ತೋರಿಸಿದ. 1987ರಲ್ಲಿ ಉಂಗಾರ್ ಮತ್ತು ಹಾಫ್, 1988ರಲ್ಲಿ ಆಂಡರ್ಸನ್ ಮತ್ತು ಹಾಫ್, ಕಣಗಳ ನೆಗೆತ ಮತ್ತು ಗಾಳಿಯ ಪ್ರತಿಕ್ರಿಯೆಯನ್ನು ಒಟ್ಟಿಗೆ ಲೆಕ್ಕ ಹಾಕುವ ಗಣಕ ಮಾದರಿಗಳನ್ನು ರೂಪಿಸಿದರು. 1995ರಲ್ಲಿ ವರ್ನರ್ ಸರಳ ಚೌಕಜಾಲದ ನಿಯಮಗಳಿಂದಲೇ ದಿಣ್ಣೆಗಳ ಆಕಾರ ಮೂಡುವುದನ್ನು ತೋರಿಸಿದ. 2001ರಲ್ಲಿ ಸೌವರ್‌ಮನ್, ಕ್ರಾಯ್ ಮತ್ತು ಹೆರ್‌ಮನ್ ಅವರ ನಿರಂತರ ಮಾದರಿ ಪ್ರಕಟವಾಯಿತು.

ಕಣಚಲನೆಯ ವಿಧಗಳು

ಗಾಳಿಯಲ್ಲಿ ಮರಳು ಮೂರು ಬಗೆಯಲ್ಲಿ ಸಾಗುತ್ತದೆ.

ನೆಗೆತ: ಸುಮಾರು 0.1ರಿಂದ 0.5 ಮಿ.ಮೀ. ವ್ಯಾಸದ ಕಣಗಳು ನೆಲದಿಂದ ಚಿಮ್ಮಿ, ಗಾಳಿಯಿಂದ ವೇಗ ಪಡೆದು, ಬಾಗಿದ ಪಥದಲ್ಲಿ ಮುಂದೆ ಹೋಗಿ ಓರೆಯಾಗಿ ನೆಲಕ್ಕೆ ಬಡಿಯುತ್ತವೆ. ಬಡಿದ ಕಣ ಮತ್ತೆ ಪುಟಿಯುತ್ತದೆ, ಇತರ ಕಣಗಳನ್ನೂ ಚಿಮ್ಮಿಸುತ್ತದೆ. ಸಾಗುವ ಮರಳಿನ ಬಹುಪಾಲು ಈ ವಿಧದ್ದು. ಅದರಲ್ಲಿಯೂ ಹೆಚ್ಚಿನದು ನೆಲದಿಂದ 30 ಸೆಂ.ಮೀ. ಒಳಗೇ ಚಲಿಸುತ್ತದೆ.

ತೆವಳಿಕೆ: 0.5 ಮಿ.ಮೀ.ಗಿಂತ ದಪ್ಪ ಕಣಗಳನ್ನು ಗಾಳಿ ನೇರವಾಗಿ ಎತ್ತಲಾರದು. ನೆಗೆದು ಬರುವ ಕಣಗಳ ಪೆಟ್ಟಿಗೆ ಅವು ನೆಲಬಿಡದೆ ಉರುಳುತ್ತ ಜರುಗುತ್ತವೆ. ಅಲೆಗೆರೆಗಳ ತುದಿಯಲ್ಲಿ ದಪ್ಪ ಕಣಗಳು ಸೇರಿಕೊಳ್ಳುವುದು ಇದರಿಂದ.

ತೇಲಿಕೆ: ಸುಮಾರು 0.07 ಮಿ.ಮೀ.ಗಿಂತ ಸಣ್ಣ ಕಣಗಳನ್ನು ಗಾಳಿಯ ಸುಳಿಗಳು ನೆಲಕ್ಕಿಳಿಯಗೊಡದೆ ಹೊತ್ತೊಯ್ಯುತ್ತವೆ. 0.02 ಮಿ.ಮೀ.ನ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಸೆಂ.ಮೀ. ಮಾತ್ರ ಇಳಿಯುತ್ತದೆ. 0.25 ಮಿ.ಮೀ.ನ ಮರಳು ಸೆಕೆಂಡಿಗೆ ಸುಮಾರು 2 ಮೀ. ಇಳಿಯುತ್ತದೆ. ಆದ್ದರಿಂದ ಧೂಳು ನೂರಾರು ಕಿ.ಮೀ. ಪಯಣಿಸಿದರೆ ಮರಳು ಮೂಲದ ಆಸುಪಾಸಿನಲ್ಲೇ ಉಳಿಯುತ್ತದೆ.

ಮೂರೂ ವಿಧಗಳ ಒಟ್ಟು ಪರಿಣಾಮ ಕಣಗಳ ವಿಂಗಡಣೆ. ಒಕ್ಕಣೆಯ ಕಣದಲ್ಲಿ ರಾಶಿ ತೂರುವಾಗ ಕಾಳು ಹತ್ತಿರ, ಹೊಟ್ಟು ದೂರ ಬೀಳುವಂತೆ, ಗಾಳಿ ಜಲ್ಲಿಯನ್ನು ಮೂಲದಲ್ಲೇ ಬಿಟ್ಟು, ಮರಳನ್ನು ದಿಣ್ಣೆಯಾಗಿಸಿ, ಧೂಳನ್ನು ದೂರ ಒಯ್ಯುತ್ತದೆ. ಹೊಲದ ಸತ್ವ ಹೆಚ್ಚಾಗಿ ಸೂಕ್ಷ್ಮ ಕಣಗಳಲ್ಲಿರುವುದರಿಂದ ಈ ವಿಂಗಡಣೆ ಬೇಸಾಯಕ್ಕೆ ಎರಡು ಕಡೆಯಿಂದಲೂ ನಷ್ಟ: ಇದ್ದ ಸತ್ವ ಹೋಗುತ್ತದೆ, ಸತ್ವವಿಲ್ಲದ ಮರಳು ಬಂದು ಕೂರುತ್ತದೆ.

ಮಾದರಿಯ ರಚನೆ

ಸಾಗಾಣಿಕೆಯ ಒಂದು ಪೂರ್ಣ ಮಾದರಿಯಲ್ಲಿ ಐದು ಅಂಗಗಳಿರುತ್ತವೆ.

ಗಾಳಿಯ ಪದರ: ನೆಲದ ಬಳಿ ಗಾಳಿಯ ವೇಗ ಎತ್ತರದೊಂದಿಗೆ ಲಘುಗಣಕ ನಿಯಮದಂತೆ ಏರುತ್ತದೆ. ಯಾವುದೇ ಎತ್ತರದ ವೇಗವೆಂದರೆ, ಘರ್ಷಣ ವೇಗವನ್ನು 0.4ರಿಂದ ಭಾಗಿಸಿ, ಆ ಎತ್ತರಕ್ಕೂ ನೆಲದ ಒರಟುತನದ ಉದ್ದಕ್ಕೂ ಇರುವ ಅನುಪಾತದ ಸ್ವಾಭಾವಿಕ ಲಘುಗಣಕದಿಂದ ಗುಣಿಸಿದಾಗ ಬರುವ ಮೌಲ್ಯ. ನುಣುಪಾದ ಮರಳು ಹಾಸಿನ ಒರಟುತನದ ಉದ್ದ ಕಣವ್ಯಾಸದ ಮೂವತ್ತನೇ ಒಂದು ಭಾಗ ಎಂದು ಹಿಡಿಯುವುದು ವಾಡಿಕೆ. ಅಲೆಗೆರೆ, ಕುರುಚಲು ಗಿಡ, ಉಳುಮೆಯ ಹೆಂಟೆ ಇದ್ದರೆ ಈ ಉದ್ದ ಬಹಳ ಹೆಚ್ಚುತ್ತದೆ.

ಹೊಸ್ತಿಲು ವೇಗ: ಕಣವನ್ನು ಮುಂದಕ್ಕೆ ತಳ್ಳುವ ಎಳೆತ ಬಲ ಮತ್ತು ಮೇಲಕ್ಕೆ ಸೆಳೆಯುವ ಎತ್ತುಬಲ, ಕಣದ ತೂಕ ಮತ್ತು ಕಣಗಳ ನಡುವಣ ಅಂಟುಬಲವನ್ನು ಮೀರಿದಾಗ ಚಲನೆ ಶುರುವಾಗುತ್ತದೆ. ದಪ್ಪ ಕಣಕ್ಕೆ ತೂಕ ಅಡ್ಡಿ, ತೀರ ಸಣ್ಣ ಕಣಕ್ಕೆ ಅಂಟು ಅಡ್ಡಿ. ಹೀಗಾಗಿ ಅತಿ ಸುಲಭವಾಗಿ ಕದಲುವುದು ಸುಮಾರು 0.075ರಿಂದ 0.1 ಮಿ.ಮೀ. ವ್ಯಾಸದ ಕಣ. ಹೊಸ್ತಿಲು ಎರಡು ಬಗೆ. ಗಾಳಿ ತಾನಾಗಿಯೇ ಕಣವನ್ನು ಎಬ್ಬಿಸುವ ವೇಗ ‘ಗಾಳಿ ಹೊಸ್ತಿಲು’. ಒಮ್ಮೆ ಎದ್ದ ನೆಗೆತ ಕಣಗಳ ಪೆಟ್ಟಿನಿಂದಲೇ ಮುಂದುವರಿಯಲು ಸಾಕಾಗುವ ವೇಗ ‘ಪೆಟ್ಟಿನ ಹೊಸ್ತಿಲು’. ಎರಡನೆಯದು ಮೊದಲನೆಯದರ ಸುಮಾರು ಶೇ. 80. ಆದ್ದರಿಂದ ಒಂದು ಬಿರುಸಿನ ಬೀಸು ಚಲನೆಯನ್ನು ಆರಂಭಿಸಿದರೆ, ಗಾಳಿ ತುಸು ತಗ್ಗಿದರೂ ಮರಳು ಸಾಗುತ್ತಲೇ ಇರುತ್ತದೆ.

ಕಣದ ಪಥ: ನೆಲ ಬಿಟ್ಟ ಕಣದ ಮೇಲೆ ಗುರುತ್ವ ಮತ್ತು ಗಾಳಿಯ ಎಳೆತ ಎರಡೂ ವರ್ತಿಸುತ್ತವೆ. ಮಾದರಿ ನ್ಯೂಟನ್ನನ ನಿಯಮದಂತೆ ಕ್ಷಣ ಕ್ಷಣದ ವೇಗ ಮತ್ತು ಸ್ಥಾನವನ್ನು ಲೆಕ್ಕ ಹಾಕುತ್ತದೆ. ಕಣ ಎದ್ದೇಳುವ ಕೋನ ದೊಡ್ಡದು, ಇಳಿದು ಬಡಿಯುವ ಕೋನ ಸಣ್ಣದು. ಬಡಿತದ ಕೋನ ಸಾಮಾನ್ಯವಾಗಿ 10ರಿಂದ 15 ಡಿಗ್ರಿಯ ಆಸುಪಾಸು.

ಚಿಮ್ಮು ನಿಯಮ: ಒಂದು ಕಣ ಬಡಿದಾಗ ತಾನು ಎಷ್ಟು ವೇಗದಿಂದ ಪುಟಿಯುತ್ತದೆ, ಎಷ್ಟು ಹೊಸ ಕಣಗಳನ್ನು ಚಿಮ್ಮಿಸುತ್ತದೆ ಎಂಬುದನ್ನು ಸಂಭವನೀಯತೆಯ ಭಾಷೆಯಲ್ಲಿ ಹೇಳುವ ನಿಯಮ. ಪುಟಿದ ಕಣ ಬಡಿದ ವೇಗದ ಅರ್ಧಕ್ಕಿಂತ ತುಸು ಹೆಚ್ಚನ್ನು ಉಳಿಸಿಕೊಳ್ಳುತ್ತದೆ. ಚಿಮ್ಮಿದ ಕಣಗಳ ವೇಗ ಬಡಿದ ವೇಗದ ಹತ್ತನೇ ಒಂದು ಭಾಗದಷ್ಟಿರುತ್ತದೆ.

ಗಾಳಿಯ ಹಿನ್ನಡೆ: ಕಣಗಳು ವೇಗ ಪಡೆಯುವುದು ಗಾಳಿಯಿಂದ. ಆದ್ದರಿಂದ ನೆಗೆಯುವ ಕಣಗಳು ಹೆಚ್ಚಿದಂತೆ ನೆಲದ ಬಳಿಯ ಗಾಳಿ ನಿಧಾನವಾಗುತ್ತದೆ. ಒಂದು ಪೆಟ್ಟಿಗೆ ಸರಾಸರಿ ಒಂದೇ ಕಣ ಮೇಲೇಳುವ ಸ್ಥಿತಿ ಬಂದಾಗ ಹರಿವು ಹೆಚ್ಚದೆ ನಿಲ್ಲುತ್ತದೆ. ಇದು ‘ತುಂಬಿದ ಹರಿವು’. ಮರಳಿಲ್ಲದ ಗಟ್ಟಿ ನೆಲದಿಂದ ಮರಳು ಹಾಸಿಗೆ ಬಂದ ಗಾಳಿ ಈ ಸ್ಥಿತಿ ಮುಟ್ಟಲು ಸಾಗಬೇಕಾದ ಅಂತರ ‘ತುಂಬುದೂರ’. ಒಂದು ದಿಣ್ಣೆ ಉಳಿದು ಬೆಳೆಯಬೇಕಾದರೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿರ್ಧರಿಸುವುದು ಈ ದೂರ.

ಮಾದರಿಗಳ ಪ್ರಕಾರಗಳು

ಹರಿವಿನ ಸೂತ್ರಗಳು: ಬ್ಯಾಗ್ನಾಲ್ಡ್, ಕವಾಮುರಾ, ಲೆಟೌ ಮೊದಲಾದವರ ಸೂತ್ರಗಳು ಕಣವ್ಯಾಸ, ಗಾಳಿಯ ಸಾಂದ್ರತೆ ಮತ್ತು ಘರ್ಷಣ ವೇಗದಿಂದ ನೇರವಾಗಿ ಹರಿವನ್ನು ಕೊಡುತ್ತವೆ. ಎಂಜಿನಿಯರಿಂಗ್ ಕೆಲಸಕ್ಕೆ ಇವೇ ಹೆಚ್ಚು ಬಳಕೆಯಲ್ಲಿವೆ.

ಕಣಪಥ ಮಾದರಿಗಳು: ಸಾವಿರಾರು ಕಣಗಳ ನೆಗೆತವನ್ನು ಒಂದೊಂದಾಗಿ ಲೆಕ್ಕ ಹಾಕಿ, ಗಾಳಿಯ ಹಿನ್ನಡೆಯನ್ನು ಸೇರಿಸುತ್ತವೆ. ಸೂತ್ರಗಳಲ್ಲಿ ಊಹಿಸಿದ ಗುಣಾಂಕಗಳಿಗೆ ಭೌತಿಕ ಕಾರಣ ಒದಗಿಸುವುದು ಇವುಗಳ ಕೆಲಸ.

ನಿರಂತರ ಮಾದರಿಗಳು: ಬಿಡಿ ಕಣಗಳನ್ನು ಬಿಟ್ಟು, ಮರಳಿನ ಪದರವನ್ನು ಒಂದು ಹರಿಯುವ ದ್ರವದಂತೆ ಪರಿಗಣಿಸುತ್ತವೆ. ಇಡೀ ದಿಣ್ಣೆಯ ಆಕಾರ ಮತ್ತು ಚಲನೆಯನ್ನು ವರ್ಷಗಳ ಕಾಲಮಾನದಲ್ಲಿ ಲೆಕ್ಕ ಹಾಕಲು ಇವು ಅನುಕೂಲ.

ಚೌಕಜಾಲ ಮಾದರಿಗಳು: ನೆಲವನ್ನು ಚೌಕಗಳಾಗಿ ವಿಂಗಡಿಸಿ, ಮರಳಿನ ಚಪ್ಪಡಿಗಳನ್ನು ಒಂದು ಚೌಕದಿಂದ ಇನ್ನೊಂದಕ್ಕೆ ಸರಳ ನಿಯಮಗಳಂತೆ ಸಾಗಿಸುತ್ತವೆ. ಇಳಿಜಾರು ಸುಮಾರು 33 ಡಿಗ್ರಿ ಮೀರಿದರೆ ಮರಳು ಜಾರುತ್ತದೆ ಎಂಬುದು ಆ ನಿಯಮಗಳಲ್ಲಿ ಒಂದು. ದಿಣ್ಣೆ ಸಾಲಿನ ವಿನ್ಯಾಸ ಮತ್ತು ಸಸ್ಯಗಳ ಪ್ರಭಾವದ ಅಧ್ಯಯನಕ್ಕೆ ಇವು ಬಳಕೆಯಾಗುತ್ತವೆ.

ಗಾಳಿದಿಕ್ಕಿನ ಸೂಚ್ಯಂಕ: ಫ್ರೈಬರ್ಗರ್ 1979ರಲ್ಲಿ ಮುಂದಿಟ್ಟ ವಿಧಾನ ಹವಾಮಾನ ಕೇಂದ್ರದ ಗಾಳಿ ದಾಖಲೆಯಿಂದಲೇ ಒಂದು ಊರಿನ ಮರಳು ಸಾಗಿಸುವ ಸಾಮರ್ಥ್ಯವನ್ನು ಮತ್ತು ಒಟ್ಟಾರೆ ಸಾಗುವ ದಿಕ್ಕನ್ನು ಸೂಚಿಸುತ್ತದೆ. ಒಂದೇ ದಿಕ್ಕಿನ ಗಾಳಿಯಿದ್ದು ಮರಳಿನ ಪೂರೈಕೆ ಕಡಿಮೆಯಿದ್ದರೆ ಅರ್ಧಚಂದ್ರಾಕಾರದ ದಿಣ್ಣೆಗಳು, ಪೂರೈಕೆ ಹೆಚ್ಚಿದ್ದರೆ ಗಾಳಿಗೆ ಅಡ್ಡಸಾಲಿನ ದಿಣ್ಣೆಗಳು ಕಟ್ಟಿಕೊಳ್ಳುತ್ತವೆ.

ಹಗರಿ ಬಯಲು

ಪ್ರದೇಶ: ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿದೆ. ಇದೇ ಜಿಲ್ಲೆಯಲ್ಲಿದ್ದ ಹಿಂದೂಪುರ 2022ರ ಏಪ್ರಿಲ್‌ನಲ್ಲಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಈ ಸೀಮೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ರಾಯದುರ್ಗ ತಾಲ್ಲೂಕು 1953ರವರೆಗೂ ಬಳ್ಳಾರಿಯಲ್ಲೇ ಇದ್ದು, ಆಂಧ್ರ ರಾಜ್ಯ ರಚನೆಯ ವೇಳೆ ಅನಂತಪುರಕ್ಕೆ ಸೇರಿತು. ಗಡಿಯ ಎರಡೂ ಬದಿಯ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿವೆ.

ಮರಳಿನ ಮೂಲ: ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹಿರಿಯೂರು, ಚಳ್ಳಕೆರೆ ಸೀಮೆ ದಾಟಿ ಅದು ಆಂಧ್ರವನ್ನು ಪ್ರವೇಶಿಸುತ್ತದೆ. ಮುಂದೆ ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಾದು ತುಂಗಭದ್ರೆಯನ್ನು ಸೇರುತ್ತದೆ. ಜಲಾನಯನದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಶಿಥಿಲಗೊಂಡು ಬರುವ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಕಣಗಳೇ ನದಿಯ ಅಗಲ ಪಾತ್ರದಲ್ಲಿ ತುಂಬಿವೆ.

ನದಿಯ ಮೇಲ್ಭಾಗದಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ, ರಾಯದುರ್ಗ ಸೀಮೆಯ ಭೈರವಾನಿತಿಪ್ಪ ಅಣೆಕಟ್ಟು 1961ರಲ್ಲಿ ಪೂರ್ಣಗೊಂಡವು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಣೆಕಟ್ಟಿನ ಕೆಳಗಿನ ಪಾತ್ರ ಎಷ್ಟು ದೀರ್ಘಕಾಲ ದೊಡ್ಡ ನೆರೆ ಕಾಣದೆ ಒಣಗಿರಬಲ್ಲದು ಎಂಬುದನ್ನು ಇದು ತಿಳಿಸುತ್ತದೆ. ಮರಳು ಒಣಗಿ ಬಯಲಾಗಿ ಉಳಿದಷ್ಟು ದಿನವೂ ಅದು ಗಾಳಿಗೆ ಲಭ್ಯ.

ಗಾಳಿ ಮತ್ತು ಮಳೆಯ ಕಾಲಕ್ರಮ: ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿ.ಮೀ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಮತ್ತು ನೈಋತ್ಯದ ಗಾಳಿ ಜೋರಾಗಿ ಬೀಸಿದರೂ ಮಳೆ ಕಡಿಮೆ. ಮಳೆ ಹೆಚ್ಚುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಅಂದರೆ ಆಷಾಢದ ಗಾಳಿ ಬೀಸುವ ವಾರಗಳಲ್ಲಿ ನದಿಪಾತ್ರ ಒಣಗಿರುತ್ತದೆ, ಹೊಲ ಉತ್ತು ಬರಿದಾಗಿರುತ್ತದೆ. ಈ ಕಾಲಕ್ರಮವೇ ಹಗರಿ ಬಯಲಿನ ಮರಳು ಚಲನೆಗೆ ಮುಖ್ಯ ಕಾರಣ. ಗಾಳಿ ಬಹುಮಟ್ಟಿಗೆ ಒಂದೇ ದಿಕ್ಕಿನದಾದ್ದರಿಂದ ಮರಳು ಪೂರ್ವ ಮತ್ತು ಈಶಾನ್ಯಕ್ಕೆ ಸಾಗುತ್ತದೆ.

ದಿಣ್ಣೆಗಳು: ಬೊಮ್ಮನಹಾಳ್ ಮತ್ತು ಕಣೇಕಲ್ ಮಂಡಲಗಳ ನದೀತೀರದ ಹಳ್ಳಿಗಳಲ್ಲಿ ಮರಳು ದಿಣ್ಣೆಗಳಿವೆ. ಇವುಗಳಲ್ಲಿ ದರ್ಗಾ ಹೊನ್ನೂರು ಹೆಚ್ಚು ಪ್ರಸ್ತಾಪವಾಗಿರುವ ಊರು. ತುಂಗಭದ್ರಾ ಮೇಲ್ಮಟ್ಟದ ಕಾಲುವೆ ಹಾದುಹೋಗುವುದೂ ಇದೇ ಸೀಮೆಯಲ್ಲಿ. ಇದರಿಂದ ನೀರಾವರಿ ಹೊಲವೂ ಮರಳು ದಿಣ್ಣೆಯೂ ಒಂದೇ ಮಂಡಲದಲ್ಲಿ ಕಾಣುತ್ತವೆ. ಹಿಂದೂಪುರದ ಕಡೆ ಉತ್ತರ ಪಿನಾಕಿನಿ ಮತ್ತು ಜಯಮಂಗಲಿ ನದಿಗಳ ಪಾತ್ರಗಳೂ ವರ್ಷದ ಬಹುಭಾಗ ಒಣಗಿರುತ್ತವೆ. ಅಲ್ಲಿ ಮಾದರಿಗಳ ಮುಖ್ಯ ಬಳಕೆ ದಿಣ್ಣೆಗಿಂತ ಹೊಲದ ಮೇಲ್ಮಣ್ಣಿನ ಸವೆತಕ್ಕೆ ಸಂಬಂಧಿಸಿದ್ದು. ಎರಡೂ ಕಡೆ ಹಗುರ ಕೆಂಪು ಮಣ್ಣು ವ್ಯಾಪಕವಾಗಿದ್ದು, ಮಳೆಯಾಶ್ರಿತ ಕಡಲೆಕಾಯಿ ಬೇಸಾಯ ರೂಢಿಯಲ್ಲಿದೆ.

ಹೋಲಿಕೆಯ ಸ್ಥಳ: ಕರ್ನಾಟಕದಲ್ಲಿ ನದಿಮರಳನ್ನು ಗಾಳಿ ದಡಕ್ಕೆ ಏರಿಸಿದ ಪ್ರಸಿದ್ಧ ಉದಾಹರಣೆ ಮೈಸೂರು ಜಿಲ್ಲೆಯ ತಲಕಾಡು. ಕಾವೇರಿಯ ಬಾಗಿನಲ್ಲಿರುವ ಈ ಊರಿನ ಹಳೆಯ ದೇವಾಲಯಗಳು ಮರಳಿನಡಿ ಹೂತು, ಉತ್ಖನನದಿಂದ ಬಯಲಿಗೆ ಬಂದಿವೆ. ಅಲ್ಲಿಯೂ ಇಲ್ಲಿಯೂ ಬೇಕಾದವು ಮೂರೇ: ಬಯಲಾದ ನದಿಮರಳು, ಒಂದೇ ದಿಕ್ಕಿನ ಋತುಮಾನದ ಗಾಳಿ, ತಡೆಯಿಲ್ಲದ ದಡ.

ಮಾದರಿ ಲೆಕ್ಕ

ಕೆಳಗಿನದು ಹಗರಿ ಬಯಲಿನಂಥ ಪರಿಸ್ಥಿತಿಗೆ ಬ್ಯಾಗ್ನಾಲ್ಡ್ ಸೂತ್ರವನ್ನು ಅನ್ವಯಿಸಿದ ಲೆಕ್ಕ, ಕ್ಷೇತ್ರ ಮಾಪನವಲ್ಲ. ಕಣವ್ಯಾಸ 0.25 ಮಿ.ಮೀ., ಕಣದ ಸಾಂದ್ರತೆ ಘನ ಮೀಟರಿಗೆ 2,650 ಕಿ.ಗ್ರಾಂ. ಎಂದು ಹಿಡಿಯಲಾಗಿದೆ. ಸಮುದ್ರಮಟ್ಟದಿಂದ ಸುಮಾರು 450 ಮೀ. ಎತ್ತರದಲ್ಲಿ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕಿ.ಗ್ರಾಂ.

ಈ ಅಂಕಿಗಳಿಂದ ಗಾಳಿ ಹೊಸ್ತಿಲು ಸೆಕೆಂಡಿಗೆ ಸುಮಾರು 0.24 ಮೀ., ಪೆಟ್ಟಿನ ಹೊಸ್ತಿಲು ಸುಮಾರು 0.19 ಮೀ. ಹವಾಮಾನ ಕೇಂದ್ರಗಳು ಗಾಳಿಯನ್ನು ಅಳೆಯುವ 10 ಮೀ. ಎತ್ತರಕ್ಕೆ ಗಾಳಿ ಹೊಸ್ತಿಲನ್ನು ಪರಿವರ್ತಿಸಿದರೆ, ಒರಟುತನದ ಉದ್ದ 1 ಮಿ.ಮೀ. ಇರುವ ನೆಲದಲ್ಲಿ ಸೆಕೆಂಡಿಗೆ ಸುಮಾರು 5.6 ಮೀ. ಆಗುತ್ತದೆ. ತೀರ ನುಣುಪಾದ ಮರಳು ಹಾಸಿನಲ್ಲಿ ಅದು ಸುಮಾರು 8.5 ಮೀ. ಗಂಟೆಯ ಲೆಕ್ಕದಲ್ಲಿ ಇವು ಕ್ರಮವಾಗಿ 20 ಮತ್ತು 31 ಕಿ.ಮೀ.

ಘರ್ಷಣ ವೇಗ ಸೆಕೆಂಡಿಗೆ 0.3 ಮೀ. ಇದ್ದಾಗ ಒಂದು ಮೀಟರ್ ಅಗಲದ ಮೂಲಕ ಗಂಟೆಗೆ ಸುಮಾರು 20 ಕಿ.ಗ್ರಾಂ. ಮರಳು ಸಾಗುತ್ತದೆ. 0.4 ಮೀ. ಇದ್ದಾಗ ಸುಮಾರು 46 ಕಿ.ಗ್ರಾಂ., 0.6 ಮೀ. ಇದ್ದಾಗ ಸುಮಾರು 157 ಕಿ.ಗ್ರಾಂ. ಗಾಳಿ ಎರಡು ಪಟ್ಟಾದರೆ ಮರಳು ಎಂಟು ಪಟ್ಟಾಗುತ್ತದೆ. ವರ್ಷವಿಡೀ ಬೀಸುವ ಸಾಧಾರಣ ಗಾಳಿಗಿಂತ ಕೆಲವೇ ವಾರಗಳ ಬಿರುಗಾಳಿ ಹೆಚ್ಚು ಮರಳನ್ನು ಸಾಗಿಸುವುದಕ್ಕೆ ಈ ಘನ ನಿಯಮ ಕಾರಣ.

ಸಡಿಲ ಮರಳಿನ ಸಾಂದ್ರತೆ ಘನ ಮೀಟರಿಗೆ 1,600 ಕಿ.ಗ್ರಾಂ. ಎಂದು ಹಿಡಿದರೆ, 0.4 ಮೀ. ಘರ್ಷಣ ವೇಗದ ಗಾಳಿ 100 ಗಂಟೆ ಬೀಸಿದಾಗ ಮೀಟರ್ ಅಗಲಕ್ಕೆ ಸುಮಾರು 2.9 ಘನ ಮೀಟರ್ ಮರಳು ಸಾಗುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಈ ಹರಿವು ಇದ್ದರೆ 5 ಮೀ. ಎತ್ತರದ ದಿಣ್ಣೆ ಅಷ್ಟರಲ್ಲಿ ಸುಮಾರು 0.6 ಮೀ. ಮುಂದೆ ಸರಿಯುತ್ತದೆ, ಅದರ ಅರ್ಧ ಎತ್ತರದ್ದು ಎರಡರಷ್ಟು ಸರಿಯುತ್ತದೆ. ಸಣ್ಣ ದಿಣ್ಣೆಗಳು ಬೇಗ ಸಾಗಿ ಹೊಲಗಳನ್ನು ಮೊದಲು ಮುಟ್ಟುವುದು ಹೀಗೆ.

ಕ್ಷೇತ್ರ ಮಾಪನ

ಮಾದರಿಯನ್ನು ಒಂದು ಸ್ಥಳಕ್ಕೆ ಹೊಂದಿಸಲು ನಾಲ್ಕು ಬಗೆಯ ದತ್ತಾಂಶ ಬೇಕು. ಮೊದಲನೆಯದು ಬೇರೆ ಬೇರೆ ಎತ್ತರಗಳ ಗಾಳಿವೇಗ. ಇದರಿಂದ ಘರ್ಷಣ ವೇಗ ಮತ್ತು ಒರಟುತನ ಎರಡೂ ಸಿಗುತ್ತವೆ. ಎರಡನೆಯದು ಜರಡಿಯಿಂದ ತಿಳಿಯುವ ಕಣಗಾತ್ರದ ಹಂಚಿಕೆ. ಮೂರನೆಯದು ಸಾಗುವ ಮರಳಿನ ಪ್ರಮಾಣ. ಗಾಳಿಗೆ ಮುಖ ಮಾಡಿ ತಿರುಗುವ, ಬೇರೆ ಬೇರೆ ಎತ್ತರಗಳಲ್ಲಿ ಕಟ್ಟಿದ ಮರಳು ಹಿಡಿಯುವ ಪೆಟ್ಟಿಗೆಗಳು ಇದನ್ನು ಅಳೆಯುತ್ತವೆ. ಕಣಗಳ ಬಡಿತವನ್ನು ಎಣಿಸುವ ವಿದ್ಯುತ್ ಸಂವೇದಕಗಳೂ ಲೇಸರ್ ಕಿರಣದ ಸಾಧನಗಳೂ ಬಳಕೆಯಲ್ಲಿವೆ. ನಾಲ್ಕನೆಯದು ಮೇಲ್ಮಣ್ಣಿನ ತೇವ ಮತ್ತು ಸಸ್ಯಹೊದಿಕೆ. ದಿಣ್ಣೆಗಳ ಅಂಚು ವರ್ಷದಿಂದ ವರ್ಷಕ್ಕೆ ಎಷ್ಟು ಸರಿದಿದೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಲಾಗುತ್ತದೆ.

ಈ ಸೀಮೆಗೆ ಇನ್ನೊಂದು ದತ್ತಾಂಶ ಮೂಲವೂ ಇದೆ. ರಾಮಗಿರಿ, ಕಲ್ಯಾಣದುರ್ಗ ಮತ್ತು ಗಡಿಯಾಚೆಯ ಚಿತ್ರದುರ್ಗದ ಗುಡ್ಡಸಾಲುಗಳಲ್ಲಿ ಗಾಳಿವಿದ್ಯುತ್ ಘಟಕಗಳಿವೆ. ಅವುಗಳ ಸ್ಥಳ ಆಯ್ಕೆಗಾಗಿ ಎತ್ತರದ ಕಂಬಗಳಲ್ಲಿ ಗಾಳಿಯನ್ನು ಅಳೆಯುವುದು ಕ್ರಮ. ಗಾಳಿಯಲ್ಲಿನ ವಿದ್ಯುತ್ ಸಾಮರ್ಥ್ಯವೂ ವೇಗದ ಘನಕ್ಕೆ ಅನುಪಾತವಾಗಿರುವುದರಿಂದ, ಗಾಳಿಯಂತ್ರಕ್ಕೆ ಫಲವತ್ತಾದ ತಿಂಗಳುಗಳೇ ಮರಳು ಚಲನೆಯ ತಿಂಗಳುಗಳು. ಗುಡ್ಡದ ಮೇಲಿನ ಅಳತೆಯನ್ನು ನದೀಬಯಲಿಗೆ ಅನ್ವಯಿಸುವಾಗ ನೆಲದ ಏರಿಳಿತಕ್ಕೆ ತಕ್ಕ ತಿದ್ದುಪಡಿ ಅಗತ್ಯ.

ಉಪಯೋಗಗಳು

ಗಾಳಿತಡೆ ವಿನ್ಯಾಸ: ಮರಸಾಲು ಅಥವಾ ಬೇಲಿ ತನ್ನ ಎತ್ತರದ ಸುಮಾರು 10ರಿಂದ 20 ಪಟ್ಟು ದೂರದವರೆಗೆ ಗಾಳಿಯನ್ನು ತಗ್ಗಿಸುತ್ತದೆ. ಗಾಳಿ ಸ್ವಲ್ಪ ತೂರಿಹೋಗುವಂಥ ತಡೆ, ಗೋಡೆಯಂಥ ಪೂರ್ಣ ತಡೆಗಿಂತ ಉತ್ತಮ. ಪೂರ್ಣ ತಡೆಯ ಹಿಂದೆ ಸುಳಿ ಎದ್ದು ಮರಳು ಮತ್ತೆ ಕೆದಕಲ್ಪಡುತ್ತದೆ. ಸಾಲುಗಳ ನಡುವಣ ಅಂತರವನ್ನು ಮಾದರಿಯಿಂದ ನಿಗದಿ ಮಾಡಬಹುದು.

ದಿಣ್ಣೆ ಸ್ಥಿರೀಕರಣ: 1959ರಿಂದ ಈಗಿನ ಹೆಸರಿನಲ್ಲಿರುವ ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಥಾರ್ ಮರುಭೂಮಿಗಾಗಿ ಒಂದು ಕ್ರಮವನ್ನು ರೂಢಿಗೆ ತಂದಿತು. ದಿಣ್ಣೆಯನ್ನು ಜಾನುವಾರುಗಳಿಂದ ರಕ್ಷಿಸಿ, ಕುರುಚಲು ಕಡ್ಡಿಗಳನ್ನು ಚೌಕಾಕಾರದಲ್ಲಿ ಅಥವಾ ಗಾಳಿಗೆ ಅಡ್ಡಸಾಲಿನಲ್ಲಿ ಹೂತು, ಅವುಗಳ ಆಸರೆಯಲ್ಲಿ ಹುಲ್ಲು ಮತ್ತು ಮರ ಬೆಳೆಸುವುದೇ ಆ ಕ್ರಮ. ನೆಲದ ಶೇ. 15ರಿಂದ 20ರಷ್ಟನ್ನು ಸಸ್ಯ ಆವರಿಸಿದರೂ ಮರಳು ಹರಿವು ಬಹಳವಾಗಿ ಇಳಿಯುತ್ತದೆ. ಬಳ್ಳಾರಿ ಜಾಲಿ ಮರಳು ಹಿಡಿಯುವ ಗಿಡವಾದರೂ ಹರಡುವ ಸ್ವಭಾವದ್ದಾದ್ದರಿಂದ ಹೊಲಗಳ ಬಳಿ ಅದರ ಬಳಕೆಗೆ ಮಿತಿಯಿದೆ. ಹೊಂಗೆ, ಗಾಳಿಮರ ಮತ್ತು ಸ್ಥಳೀಯ ಹುಲ್ಲುಗಳು ಇತರ ಆಯ್ಕೆಗಳು.

ಬೇಸಾಯ ಪದ್ಧತಿ: ಕೊಯ್ಲಿನ ಬಳಿಕ ಕೂಳೆ ಉಳಿಸುವುದು, ಗಾಳಿಗೆ ಅಡ್ಡವಾಗಿ ಉಳುವುದು, ಮುಂಗಾರಿನ ಗಾಳಿಗೆ ಮುನ್ನ ಹೊಲವನ್ನು ಪೂರ್ತಿ ಬರಿದು ಮಾಡದಿರುವುದು, ಪಟ್ಟೆ ಬೇಸಾಯ ಇವುಗಳ ಪರಿಣಾಮವನ್ನು ಗಾಳಿಸವೆತ ಮಾದರಿಗಳು ಮುಂಗಡವಾಗಿ ಅಂದಾಜಿಸುತ್ತವೆ. ತೇವ ಕಣಗಳನ್ನು ಬಂಧಿಸುತ್ತದೆ. ಮೇಲ್ಮಣ್ಣಿನಲ್ಲಿ ಕೆಲವೇ ಶೇಕಡಾ ನೀರಿದ್ದರೂ ಹೊಸ್ತಿಲು ವೇಗ ಗಣನೀಯವಾಗಿ ಏರುತ್ತದೆ.

ಕಟ್ಟಡ ಮತ್ತು ಮಾರ್ಗಗಳು: ಕಾಲುವೆ, ರಸ್ತೆ, ರೈಲುಮಾರ್ಗ ಮತ್ತು ಸೌರವಿದ್ಯುತ್ ಫಲಕಗಳ ಮೇಲೆ ಮರಳು ಮತ್ತು ಧೂಳು ಕೂರುವ ಪ್ರಮಾಣವನ್ನು ಲೆಕ್ಕ ಹಾಕಲು ಇದೇ ಮಾದರಿಗಳು ಉಪಯುಕ್ತ.

ಗ್ರಹವಿಜ್ಞಾನ: ಮಂಗಳ ಗ್ರಹದಲ್ಲಿಯೂ ಶನಿಯ ಉಪಗ್ರಹ ಟೈಟನ್‌ನಲ್ಲಿಯೂ ದಿಣ್ಣೆಗಳಿವೆ. ಗುರುತ್ವ ಮತ್ತು ವಾತಾವರಣದ ಸಾಂದ್ರತೆಯನ್ನು ಬದಲಿಸಿ ಅದೇ ಸಮೀಕರಣಗಳನ್ನು ಅಲ್ಲಿಗೂ ಅನ್ವಯಿಸಲಾಗಿದೆ. ತೆಳು ವಾತಾವರಣದ ಮಂಗಳದಲ್ಲಿ ಚಲನೆ ಆರಂಭವಾಗಲು ತೀವ್ರ ಗಾಳಿ ಬೇಕು. ಆರಂಭವಾದ ಮೇಲೆ ಅದು ಬಹಳ ಕಡಿಮೆ ವೇಗದಲ್ಲಿಯೂ ಮುಂದುವರಿಯಬಲ್ಲದು.

ಮಿತಿಗಳು

ಸೂತ್ರಗಳು ಊಹಿಸುವುದು ಒಣಗಿದ, ಸಮತಟ್ಟಾದ, ಒಂದೇ ಗಾತ್ರದ ಕಣಗಳ ಹಾಸನ್ನು. ನದಿಮರಳಿನಲ್ಲಿ ಜಲ್ಲಿಯಿಂದ ಧೂಳಿನವರೆಗೆ ಎಲ್ಲ ಗಾತ್ರಗಳೂ ಬೆರೆತಿರುತ್ತವೆ. ಗಾಳಿ ಸಣ್ಣ ಕಣಗಳನ್ನು ಒಯ್ದಂತೆ ಮೇಲೆ ಉಳಿದ ಜಲ್ಲಿಯೇ ಕೆಳಗಿನ ಮರಳಿಗೆ ಕವಚವಾಗುತ್ತದೆ. ಟ್ರ್ಯಾಕ್ಟರ್ ಓಡಾಟ, ಮರಳು ತೆಗೆಯುವಿಕೆ ಅಥವಾ ಹೊಸ ನೆರೆ ಆ ಕವಚವನ್ನು ಮುರಿಯುತ್ತದೆ. ಗಾಳಿಯ ಬೀಸು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಗಂಟೆಯ ಸರಾಸರಿ ವೇಗದಿಂದ ಘನ ನಿಯಮವನ್ನು ಬಳಸಿದರೆ ಹರಿವು ಕಡಿಮೆಯೆಂದು ತೋರಬಹುದು. ಮರಳಿನ ಪೂರೈಕೆ ಸೀಮಿತವಾಗಿದ್ದರೆ ಲೆಕ್ಕ ಅದಕ್ಕೆ ವಿರುದ್ಧವಾಗಿ ಹೆಚ್ಚೆಂದು ತೋರುತ್ತದೆ. ಬೇರೆ ಬೇರೆ ಸೂತ್ರಗಳು ಒಂದೇ ಗಾಳಿಗೆ ಹಲವು ಪಟ್ಟು ವ್ಯತ್ಯಾಸದ ಉತ್ತರ ಕೊಡುವುದುಂಟು. ಆದ್ದರಿಂದ ಸ್ಥಳದ ಮಾಪನದಿಂದ ಹೊಂದಿಸದ ಮಾದರಿಯನ್ನು ಹೋಲಿಕೆಗೆ ಬಳಸಬಹುದೇ ಹೊರತು ನಿಖರ ಪ್ರಮಾಣಕ್ಕೆ ಬಳಸಲಾಗದು.

ಇಂದಿನ ಸ್ಥಿತಿ

ಗಣಕಗಳ ಸಾಮರ್ಥ್ಯ ಹೆಚ್ಚಿದಂತೆ ಪ್ರತಿ ಕಣದ ಡಿಕ್ಕಿಯನ್ನೂ ಗಾಳಿಯ ಪ್ರತಿ ದೊಡ್ಡ ಸುಳಿಯನ್ನೂ ಒಟ್ಟಿಗೆ ಲೆಕ್ಕ ಹಾಕುವ ಮಾದರಿಗಳು ಬಂದಿವೆ. ಕಣಗಳ ಉಜ್ಜುವಿಕೆಯಿಂದ ಹುಟ್ಟುವ ವಿದ್ಯುದಾವೇಶ, ತೇವ ಆರುವ ವೇಗ, ಗಿಡಗಳ ಬೆಳವಣಿಗೆ ಇವುಗಳನ್ನು ಮಾದರಿಯೊಳಗೆ ಸೇರಿಸುವ ಕೆಲಸ ನಡೆದಿದೆ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಹಮದಾಬಾದ್ ಕೇಂದ್ರ 2021ರಲ್ಲಿ ಪ್ರಕಟಿಸಿದ ನಕಾಶೆ ಸಂಪುಟದ ಪ್ರಕಾರ ದೇಶದ 9.785 ಕೋಟಿ ಹೆಕ್ಟೇರ್, ಅಂದರೆ ಭೂಪ್ರದೇಶದ ಶೇ. 29.77, ಅವನತಿಗೆ ಒಳಗಾಗಿದೆ. ಕಾರಣಗಳಲ್ಲಿ ನೀರಿನ ಸವೆತ ಮತ್ತು ಸಸ್ಯನಾಶದ ನಂತರದ ಸ್ಥಾನ ಗಾಳಿಸವೆತದ್ದು. 1977–78ರಲ್ಲಿ ಆರಂಭವಾದ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮವನ್ನು 1995–96ರಿಂದ ಅನಂತಪುರಕ್ಕೂ ವಿಸ್ತರಿಸಲಾಯಿತು. 2009ರಲ್ಲಿ ಅದು ಸಮಗ್ರ ಜಲಾನಯನ ನಿರ್ವಹಣಾ ಕಾರ್ಯಕ್ರಮದಲ್ಲಿ ವಿಲೀನವಾಯಿತು. ಬಳ್ಳಾರಿಯಲ್ಲಿ 1954ರಿಂದ ಇರುವ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ ಈ ಭಾಗದ ಅರೆಶುಷ್ಕ ನೆಲಗಳ ಸಂರಕ್ಷಣೆಯ ಅಧ್ಯಯನ ನಡೆಸುತ್ತದೆ.

ಮಾದರಿಯ ಮೂರು ಮುಖ್ಯ ಅಂಶಗಳಲ್ಲಿ ಗಾಳಿ ಮನುಷ್ಯನ ಹತೋಟಿಯಲ್ಲಿಲ್ಲ. ಮರಳಿನ ಲಭ್ಯತೆ ಮತ್ತು ನೆಲದ ಹೊದಿಕೆ ಹತೋಟಿಗೆ ಸಿಗುವಂಥವು. ಹಗರಿ ಬಯಲಿನಲ್ಲಿ ಇವೆರಡನ್ನೂ ನಿರ್ಧರಿಸುವ ಅವಧಿ ಜೂನ್‌ನಿಂದ ಆಗಸ್ಟ್. ಆ ತಿಂಗಳುಗಳಲ್ಲಿ ನದಿಪಾತ್ರದ ತೇವ, ದಂಡೆಯ ಹಸಿರು ಮತ್ತು ಹೊಲದ ಕೂಳೆಯನ್ನು ಉಳಿಸುವ ಕ್ರಮಗಳು ವರ್ಷದ ಬೇರೆ ಕಾಲದ ಕ್ರಮಗಳಿಗಿಂತ ಹೆಚ್ಚು ಫಲಕಾರಿ ಎಂಬುದು ಘನ ನಿಯಮದಿಂದ ನೇರವಾಗಿ ಹೊರಡುವ ನಿರ್ಣಯ. ನದಿ ಕರ್ನಾಟಕ ಮತ್ತು ಆಂಧ್ರಪ್ರದೇಶ ಎರಡರಲ್ಲೂ ಹರಿಯುವುದರಿಂದ ಅಣೆಕಟ್ಟುಗಳ ನೀರು ಬಿಡುಗಡೆ, ಗಾಳಿಯ ದಾಖಲೆ ಮತ್ತು ದಿಣ್ಣೆಗಳ ಸ್ಥಾನದ ದತ್ತಾಂಶಗಳನ್ನು ಒಂದೇ ಮಾದರಿಯಲ್ಲಿ ಕೂಡಿಸಿದಾಗ ಮಾತ್ರ ಈ ಬಯಲಿನ ಮರಳಿನ ಲೆಕ್ಕ ಪೂರ್ಣವಾಗುತ್ತದೆ.